ಕನ್ನಡ ಅಕ್ಷರಗಳ ಗಣಕ ಸಂಕೇತೀಕರಣ

ಕನ್ನಡ ಲಿಪಿಯ ಸ್ವರ, ವ್ಯಂಜನ, ಗುಣಿತಾಕ್ಷರ ಹಾಗೂ ಒತ್ತಕ್ಷರಗಳನ್ನು ಗಣಕಯಂತ್ರವು ತನ್ನ ಸ್ಮೃತಿಯಲ್ಲಿ ಇಟ್ಟುಕೊಳ್ಳಲು, ಒಂದು ಯಂತ್ರದಿಂದ ಇನ್ನೊಂದಕ್ಕೆ ಕಳುಹಿಸಲು, ಹುಡುಕಿ ತೆಗೆಯಲು ಮತ್ತು ತೆರೆಯ ಮೇಲೆ ಮೂಡಿಸಲು ಅನುವಾಗುವಂತೆ ಅವುಗಳಿಗೆ ಗೊತ್ತಾದ ಸಂಖ್ಯೆಗಳನ್ನು ನಿಗದಿಪಡಿಸುವ ವ್ಯವಸ್ಥೆಗೆ ಸಂಕೇತೀಕರಣ ಅಥವಾ ಎನ್‌ಕೋಡಿಂಗ್ ಎಂದು ಹೆಸರು. ಗಣಕಕ್ಕೆ ಅಕ್ಷರದ ಆಕಾರವಾಗಲಿ ಉಚ್ಚಾರವಾಗಲಿ ತಿಳಿಯದು. ಅದು ಬಲ್ಲದ್ದು ಸಂಖ್ಯೆಯನ್ನು ಮಾತ್ರ. ಆದ್ದರಿಂದ ಯಾವುದನ್ನು ಒಂದು ಘಟಕವೆಂದು ಎಣಿಸಿ ಅದಕ್ಕೆ ಸಂಖ್ಯೆ ಕೊಡಬೇಕು ಎಂಬುದೇ ಈ ಕ್ಷೇತ್ರದ ಮೂಲಪ್ರಶ್ನೆ. ಬರೆದ ಆಕಾರದ ತುಂಡುಗಳಿಗೆ ಸಂಖ್ಯೆ ಕೊಡಬಹುದು, ಒಂದೇ ಉಸಿರಿನಲ್ಲಿ ನುಡಿಯುವ ಇಡೀ ಅಕ್ಷರಕ್ಕೆ ಕೊಡಬಹುದು, ಇಲ್ಲವೇ ಅಕ್ಷರವನ್ನು ಕಟ್ಟುವ ಒಂದೊಂದು ವರ್ಣಕ್ಕೂ ಬೇರೆಬೇರೆಯಾಗಿ ಕೊಡಬಹುದು. ಕೊರಿಯನ್ ಲಿಪಿ ಎರಡನೆಯ ದಾರಿಯನ್ನು ಹಿಡಿಯಿತು. ಕನ್ನಡವು ಮೊದಲನೆಯದನ್ನೂ ಮೂರನೆಯದನ್ನೂ ಏಕಕಾಲದಲ್ಲಿ ಬಳಸುತ್ತ ಬಂದು, ಕೊನೆಗೆ ಮೂರನೆಯದರಲ್ಲಿ ನೆಲೆನಿಂತಿತು.

ಯಾದಗಿರಿ ಜಿಲ್ಲೆಯ ತಾಲ್ಲೂಕು ಕೇಂದ್ರವಾದ ವಡಗೇರಾದ ಹೆಸರನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ಓದುಗರ ಎಣಿಕೆಯಲ್ಲಿ ಇದು ವ, ಡ, ಗೇ, ರಾ ಎಂಬ ನಾಲ್ಕು ಅಕ್ಷರಗಳ ಹೆಸರು. ಇಂದು ಜಗತ್ತಿನೆಲ್ಲೆಡೆ ಬಳಕೆಯಲ್ಲಿರುವ ಯೂನಿಕೋಡ್ ಶಿಷ್ಟತೆಯಲ್ಲಿ ಇದು ಆರು ಸಂಕೇತಗಳಾಗಿ ದಾಖಲಾಗುತ್ತದೆ: ವಕಾರಕ್ಕೆ 3253, ಡಕಾರಕ್ಕೆ 3233, ಗಕಾರಕ್ಕೆ 3223, ಅದಕ್ಕೆ ಸೇರಿದ ಏಕಾರದ ಚಿಹ್ನೆಗೆ 3271, ರಕಾರಕ್ಕೆ 3248, ಅದಕ್ಕೆ ಸೇರಿದ ಆಕಾರದ ಚಿಹ್ನೆಗೆ 3262. ಈ ಸಂಖ್ಯೆಗಳನ್ನು ಕಡತಗಳಲ್ಲಿ ಇಡುವಾಗ ಸಾಮಾನ್ಯವಾಗಿ ಬಳಸುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಪ್ರತಿಯೊಂದು ಸಂಕೇತವೂ ಮೂರು ಬೈಟ್‌ಗಳ ಜಾಗ ಹಿಡಿಯುತ್ತದೆ. ವಕಾರವೊಂದೇ 224, 178, 181 ಎಂಬ ಮೂರು ಬೈಟ್‌ಗಳಾಗುತ್ತದೆ. ಹೀಗೆ ನಾಲ್ಕಕ್ಷರದ ಊರಿನ ಹೆಸರು ಯಂತ್ರದ ಒಂದು ಹಂತದಲ್ಲಿ ಆರಾಗಿ, ಇನ್ನೊಂದು ಹಂತದಲ್ಲಿ ಹದಿನೆಂಟಾಗಿ ಎಣಿಕೆಯಾಗುತ್ತದೆ. ಅರ್ಜಿ ನಮೂನೆಯಲ್ಲಿ ಹೆಸರಿಗೆ ಇಷ್ಟೇ ಉದ್ದ ಎಂದು ಮಿತಿ ಹಾಕುವವರು ಯಾವ ಎಣಿಕೆಯನ್ನು ಬಳಸುತ್ತಿದ್ದೇವೆಂದು ಅರಿತಿರದಿದ್ದರೆ ಕನ್ನಡದ ಹೆಸರು ನಡುವೆಯೇ ತುಂಡಾಗುತ್ತದೆ. ಮೊಬೈಲ್ ಸಂದೇಶಗಳಲ್ಲಿಯೂ ಇದೇ ಸ್ಥಿತಿ. ರೋಮನ್ ಲಿಪಿಯಲ್ಲಿ ಒಂದು ಸಂದೇಶಕ್ಕೆ 160 ಅಕ್ಷರಗಳು ಹಿಡಿದರೆ, ಕನ್ನಡದಲ್ಲಿ 70 ಸಂಕೇತಗಳಷ್ಟೇ ಹಿಡಿಯುತ್ತವೆ, ಮತ್ತು ಆ ಎಪ್ಪತ್ತರಲ್ಲಿ ಗುಣಿತದ ಚಿಹ್ನೆಗಳೂ ಒತ್ತುಗಳೂ ಪ್ರತ್ಯೇಕವಾಗಿ ಲೆಕ್ಕಕ್ಕೆ ಬರುತ್ತವೆ.

ಇಡೀ ಅಕ್ಷರಕ್ಕೆ ಸಂಖ್ಯೆ: ಕೊರಿಯನ್ನರ ದಾರಿ

ಕನ್ನಡದ ಆಯ್ಕೆಯನ್ನು ಅರಿಯಲು ಕೊರಿಯನ್ ಲಿಪಿಯ ಹೋಲಿಕೆ ಬಹಳ ನೆರವಾಗುತ್ತದೆ. ದೊರೆ ಸೇಜೊಂಗನ ಕಾಲದಲ್ಲಿ, 1443ರಲ್ಲಿ ರೂಪುಗೊಂಡು 1446ರಲ್ಲಿ ಪ್ರಕಟವಾದ ಹಂಗುಲ್ ಲಿಪಿಯಲ್ಲಿ ವರ್ಣಗಳನ್ನು ಸಾಲಾಗಿ ಬರೆಯದೆ, ಒಂದು ಉಚ್ಚಾರಾಂಶದ ವರ್ಣಗಳನ್ನೆಲ್ಲ ಒಂದು ಚೌಕದೊಳಗೆ ಕೂಡಿಸಿ ಬರೆಯುತ್ತಾರೆ. ಆಧುನಿಕ ಕೊರಿಯನ್ ಭಾಷೆಯಲ್ಲಿ ಉಚ್ಚಾರಾಂಶದ ಆರಂಭಕ್ಕೆ 19 ವ್ಯಂಜನಗಳು, ನಡುವೆ 21 ಸ್ವರಗಳು, ಕೊನೆಯಲ್ಲಿ 27 ಬಗೆಯ ವ್ಯಂಜನಗಳು ಬರಬಹುದು ಅಥವಾ ಕೊನೆಯ ಸ್ಥಾನ ಖಾಲಿಯಿರಬಹುದು. ಆದ್ದರಿಂದ 19, 21 ಮತ್ತು 28ರ ಗುಣಲಬ್ಧವಾದ 11,172 ಅಕ್ಷರಗಳಲ್ಲಿ ಇಡೀ ಲಿಪಿಯ ಸಾಧ್ಯತೆ ಮುಗಿದುಹೋಗುತ್ತದೆ. 1987ರ ದಕ್ಷಿಣ ಕೊರಿಯಾದ ಶಿಷ್ಟತೆಯು ಇವುಗಳಲ್ಲಿ ಹೆಚ್ಚು ಬಳಕೆಯ 2,350ಕ್ಕೆ ಮಾತ್ರ ಸಂಖ್ಯೆ ಕೊಟ್ಟಿತ್ತು. ಪಟ್ಟಿಯಿಂದ ಹೊರಗುಳಿದ ಅಕ್ಷರವನ್ನು ಆ ಪಟ್ಟಿಯಿಂದ ನೇರವಾಗಿ ಬರೆಯಲಾಗುತ್ತಿರಲಿಲ್ಲ. 1996ರ ಯೂನಿಕೋಡ್ ಎರಡನೆಯ ಆವೃತ್ತಿಯು 11,172 ಅಕ್ಷರಗಳನ್ನೂ 44032ರಿಂದ 55203ರವರೆಗೆ ಸಾಲಾಗಿ ಇರಿಸಿ ಈ ಕೊರತೆಯನ್ನು ನೀಗಿಸಿತು.

ಈ ಸಾಲಿನ ವಿಶೇಷವೆಂದರೆ ಯಾವ ಅಕ್ಷರದ ಸಂಖ್ಯೆಯನ್ನಾದರೂ ಲೆಕ್ಕ ಹಾಕಿಯೇ ಪಡೆಯಬಹುದು. ಆರಂಭದ ವ್ಯಂಜನದ ಕ್ರಮಸಂಖ್ಯೆಯನ್ನು 21ರಿಂದ ಗುಣಿಸಿ, ಸ್ವರದ ಕ್ರಮಸಂಖ್ಯೆಯನ್ನು ಕೂಡಿ, ಬಂದದ್ದನ್ನು 28ರಿಂದ ಗುಣಿಸಿ, ಕೊನೆಯ ವ್ಯಂಜನದ ಕ್ರಮಸಂಖ್ಯೆಯನ್ನೂ 44032ನ್ನೂ ಸೇರಿಸಿದರೆ ಸಾಕು. ‘ಹನ್’ ಎಂಬ ಉಚ್ಚಾರಾಂಶದಲ್ಲಿ ಹಕಾರದ ಕ್ರಮಸಂಖ್ಯೆ 18, ಅಕಾರದ್ದು 0, ಕೊನೆಯ ನಕಾರದ್ದು 4. ಆದ್ದರಿಂದ ಅದರ ಸಂಕೇತ 54620. ಸಂಖ್ಯೆಯನ್ನು ಬಿಡಿಸಿದರೆ ವರ್ಣಗಳು ಮರಳಿ ದೊರೆಯುತ್ತವೆ. ಗಣಿತ ಮತ್ತು ಲಿಪಿ ಇಷ್ಟು ಸೊಗಸಾಗಿ ಹೊಂದಿಕೊಂಡ ನಿದರ್ಶನ ಬೇರೆ ಲಿಪಿಗಳಲ್ಲಿ ಸಿಗುವುದು ಅಪರೂಪ.

ಈ ದಾರಿ ಕನ್ನಡಕ್ಕೆ ಒಗ್ಗದಿರುವುದಕ್ಕೆ ಕಾರಣ ಲಿಪಿಯ ಸ್ವಭಾವದಲ್ಲಿಯೇ ಇದೆ. ಕನ್ನಡದ ಅಕ್ಷರವು ಸ್ವರದಲ್ಲಿ ಮುಗಿಯುತ್ತದೆ, ಆದರೆ ಆ ಸ್ವರದ ಹಿಂದೆ ಎಷ್ಟು ವ್ಯಂಜನಗಳು ಕೂಡಬಹುದೆಂಬುದಕ್ಕೆ ಲಿಪಿ ಮಿತಿಯನ್ನು ಹಾಕಿಲ್ಲ. 34 ವ್ಯಂಜನಗಳಲ್ಲಿ ಯಾವುದಾದರೂ ಎರಡು ಕೂಡಿದರೆ 1,156 ಜೋಡಿಗಳಾಗುತ್ತವೆ. ಅವುಗಳಿಗೆ 13 ಸ್ವರಗಳನ್ನು ಸೇರಿಸಿದರೆ 15,028 ರೂಪಗಳಾಗಿ, ಕೊರಿಯನ್ನಿನ ಇಡೀ ಪಟ್ಟಿಯನ್ನು ಅಲ್ಲಿಯೇ ಮೀರಿಬಿಡುತ್ತವೆ. ಶಾಸ್ತ್ರ, ಸ್ತ್ರೀ, ರಾಷ್ಟ್ರ ಮೊದಲಾದ ಪದಗಳಲ್ಲಿರುವಂತೆ ಮೂರು ವ್ಯಂಜನಗಳು ಕೂಡುವುದನ್ನು ಪರಿಗಣಿಸಿದರೆ ಲೆಕ್ಕ 5 ಲಕ್ಷವನ್ನು ದಾಟುತ್ತದೆ. ಇವುಗಳಲ್ಲಿ ಬಹುಪಾಲು ರೂಪಗಳು ಭಾಷೆಯಲ್ಲಿ ಬರುವುದೇ ಇಲ್ಲವೆಂಬುದು ನಿಜವಾದರೂ, ಉರ್ದು, ತೆಲುಗು, ಮರಾಠಿ, ಇಂಗ್ಲಿಷ್ ಪದಗಳನ್ನು ನಿತ್ಯ ಒಳಗೊಳ್ಳುತ್ತಿರುವ ಭಾಷೆಯಲ್ಲಿ ಯಾವುದು ಬರುತ್ತದೆ, ಯಾವುದು ಬಾರದು ಎಂದು ಮೊದಲೇ ಪಟ್ಟಿ ಮಾಡುವುದು ಸಾಧುವಲ್ಲ. ಒತ್ತಕ್ಷರಗಳ ಬಳಕೆ ಇಲ್ಲವೆನ್ನುವಷ್ಟು ಕಡಿಮೆಯಿರುವ ತಮಿಳಿನಲ್ಲಿ ಮಾತ್ರ ಇಡೀ ಅಕ್ಷರಕ್ಕೆ ಸಂಖ್ಯೆ ಕೊಡುವ ಆಲೋಚನೆ ಬಲ ಪಡೆದು, ಟೇಸ್-16 ಎಂಬ ವ್ಯವಸ್ಥೆಯನ್ನು ಯೂನಿಕೋಡ್ ಜೊತೆಯಲ್ಲಿ ತಮಿಳುನಾಡು ಸರ್ಕಾರ 2010ರಲ್ಲಿ ಅಂಗೀಕರಿಸಿತು.

ಇಸ್ಕಿ

ಭಾರತೀಯ ಲಿಪಿಗಳಿಗೆ ವರ್ಣವಾರು ಸಂಕೇತ ಕೊಡುವ ಆಲೋಚನೆ ಖಚಿತ ರೂಪ ಪಡೆದದ್ದು 1980ರ ದಶಕದಲ್ಲಿ. ಕಾನ್ಪುರದ ಭಾರತೀಯ ತಂತ್ರಜ್ಞಾನ ಸಂಸ್ಥೆಯಲ್ಲಿ ನಡೆದ ಸಂಶೋಧನೆ ಮತ್ತು ಅದನ್ನು ಮುಂದುವರಿಸಿದ ಪುಣೆಯ ಸಿ-ಡ್ಯಾಕ್ ಸಂಸ್ಥೆಯ ಜಿಸ್ಟ್ ತಂತ್ರಜ್ಞಾನ ಇದಕ್ಕೆ ನೆಲೆಯಾದವು. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಐಎಸ್ 13194 ಎಂಬ ಸಂಖ್ಯೆಯಡಿ ಪ್ರಕಟಿಸಿದ ಶಿಷ್ಟತೆಗೆ ಇಸ್ಕಿ ಎಂದು ರೂಢಿಯ ಹೆಸರು. ಎಂಟು ಬಿಟ್‌ಗಳಲ್ಲಿ ದೊರೆಯುವ 256 ಸ್ಥಾನಗಳಲ್ಲಿ ಮೊದಲರ್ಧವನ್ನು ಇಂಗ್ಲಿಷಿಗೆ ಬಿಟ್ಟು, ಉಳಿದರ್ಧದಲ್ಲಿ ಬ್ರಾಹ್ಮಿ ಮೂಲದ ಭಾರತೀಯ ಲಿಪಿಗಳಿಗೂ ಒಂದೇ ವರ್ಣಪಟ್ಟಿಯನ್ನು ಅದು ಅಳವಡಿಸಿತು. ಕನ್ನಡದ ಕ, ತೆಲುಗಿನ ಕ, ದೇವನಾಗರಿಯ ಕ ಎಲ್ಲಕ್ಕೂ ಒಂದೇ ಸಂಖ್ಯೆ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಪ್ರತ್ಯೇಕ ಸೂಚನೆ ತಿಳಿಸುತ್ತಿತ್ತು. ವರ್ಣಮಾಲೆ ಒಂದೇ, ಲಿಪಿಗಳು ಅದರ ಉಡುಪುಗಳು ಎಂಬ ಭಾರತೀಯ ವ್ಯಾಕರಣದ ತಿಳಿವನ್ನು ಯಂತ್ರಕ್ಕೆ ಕಲಿಸಿದ ಸಾಧನೆಯೆಂದು ಇದನ್ನು ಗೌರವದಿಂದ ನೆನೆಯಬೇಕು. ಎಲ್ಲ ಭಾರತೀಯ ಲಿಪಿಗಳಿಗೂ ಸಮಾನವಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯೂ ಇದೇ ಚಿಂತನೆಯಿಂದ ಹುಟ್ಟಿತು.

ಫಾಂಟ್‌ಗಳೇ ಸಂಕೇತವಾಗಿದ್ದ ಕಾಲ

ಇಸ್ಕಿ ಇದ್ದರೂ ಕನ್ನಡದ ಮುದ್ರಣಾಲಯಗಳಲ್ಲಿ, ಡಿ.ಟಿ.ಪಿ. ಅಂಗಡಿಗಳಲ್ಲಿ, ಕಚೇರಿಗಳಲ್ಲಿ 1990ರ ದಶಕದಿಂದ ಹರಡಿದ್ದು ಬೇರೆಯೇ ಪದ್ಧತಿ. ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಕನ್ನಡದ ಆಕಾರಗಳ ತುಂಡುಗಳನ್ನು, ಅಂದರೆ ತಲಕಟ್ಟಿಲ್ಲದ ವ್ಯಂಜನ, ತಲಕಟ್ಟು, ಗುಡಿಸು, ಕೊಂಬು, ದೀರ್ಘ, ಒತ್ತುಗಳನ್ನು ತುಂಬಿದ ಫಾಂಟ್‌ಗಳನ್ನು ಬಳಸಿ ಕನ್ನಡವನ್ನು ತೆರೆಯ ಮೇಲೆ ತರಲಾಗುತ್ತಿತ್ತು. ಕಡತದಲ್ಲಿ ಇರುತ್ತಿದ್ದದ್ದು ಇಂಗ್ಲಿಷಿನ ಸಂಖ್ಯೆಗಳು. ಕಣ್ಣಿಗೆ ಕಾಣುತ್ತಿದ್ದದ್ದು ಕನ್ನಡ. ಆ ಫಾಂಟ್ ಇಲ್ಲದ ಗಣಕದಲ್ಲಿ ಅದೇ ಕಡತವನ್ನು ತೆರೆದರೆ ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಎದುರಾಗುತ್ತಿತ್ತು. ಒಂದೊಂದು ಕಂಪನಿ ತುಂಡುಗಳನ್ನು ಒಂದೊಂದು ಕ್ರಮದಲ್ಲಿ ಜೋಡಿಸಿದ್ದರಿಂದ ಒಬ್ಬರ ಬರಹವನ್ನು ಇನ್ನೊಬ್ಬರ ಫಾಂಟ್‌ನಲ್ಲಿ ಓದುವುದಕ್ಕೂ ಆಗುತ್ತಿರಲಿಲ್ಲ.

ಈ ಪದ್ಧತಿಯ ನಿಜವಾದ ಹಾನಿ ಕಾಣದಿರುವುದಕ್ಕಿಂತ ಆಳವಾದದ್ದು. ತುಂಡುಗಳನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ ಜೋಡಿಸುವುದರಿಂದ ನುಡಿಯ ಕ್ರಮ ಕಳೆದುಹೋಗುತ್ತದೆ. ಯಾದಗಿರಿ ಜಿಲ್ಲೆಯು 2009ರ ಕೊನೆಯಲ್ಲಿ ರಚನೆಯಾಗುವ ಮೊದಲು ಈ ಪ್ರದೇಶ ಸೇರಿದ್ದ ‘ಗುಲ್ಬರ್ಗಾ’ ಜಿಲ್ಲೆಯ ಹೆಸರಿನಲ್ಲಿ ರಕಾರವನ್ನು ನುಡಿಯುವುದು ಗಾಕಾರಕ್ಕೆ ಮೊದಲು, ಆದರೆ ಅರ್ಕಾವೊತ್ತನ್ನು ಬರೆಯುವುದು ಗಾಕಾರ ಮುಗಿದ ಮೇಲೆ. ಫಾಂಟ್ ಆಧಾರಿತ ಕಡತದಲ್ಲಿ ಅರ್ಕಾವೊತ್ತು ಕೊನೆಗೇ ದಾಖಲಾಗುತ್ತಿತ್ತು. ಇಂಥ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸಲು, ಹುಡುಕಲು, ಬೇರೆ ಲಿಪಿಗೆ ತಿರುಗಿಸಲು ಯಂತ್ರಕ್ಕೆ ದಾರಿ ಇರಲಿಲ್ಲ, ಏಕೆಂದರೆ ಅದರ ಬಳಿ ಇದ್ದದ್ದು ಹೆಸರಿನ ಚಿತ್ರವೇ ಹೊರತು ಹೆಸರಲ್ಲ.

ಈ ಗೊಂದಲಕ್ಕೆ ಒಂದು ಕಟ್ಟುಪಾಡು ತಂದದ್ದು ಕನ್ನಡ ಗಣಕ ಪರಿಷತ್ತು. ಕರ್ನಾಟಕ ಸರ್ಕಾರಕ್ಕಾಗಿ ಅದು ರೂಪಿಸಿದ ‘ನುಡಿ’ ತಂತ್ರಾಂಶವು ಆಕಾರಗಳ ತುಂಡುಗಳಿಗೆ ಏಕರೂಪದ ಕ್ರಮವನ್ನೂ ಸರ್ಕಾರಿ ಕಚೇರಿಗಳಿಗೆ ಏಕರೂಪದ ಕೀಲಿಮಣೆಯನ್ನೂ ಒದಗಿಸಿತು. ಆ ಕೀಲಿಮಣೆಯ ಮೂಲ ವಿನ್ಯಾಸ ಕಿನ್ನಿಕಂಬಳ ಪದ್ಮನಾಭ ರಾವ್ ಅವರದು. ಉಚ್ಚಾರಕ್ಕೆ ಹತ್ತಿರದ ರೋಮನ್ ಕೀಲಿಗಳಲ್ಲಿ ಕನ್ನಡದ ವರ್ಣಗಳನ್ನಿರಿಸಿ, ಒತ್ತಕ್ಷರ ಬೇಕಾದಲ್ಲಿ ಎಫ್ ಕೀಲಿಯನ್ನು ನಡುವೆ ಒತ್ತುವ ಈ ವಿನ್ಯಾಸವು ನೂರಾರು ಸಂಯುಕ್ತಾಕ್ಷರಗಳನ್ನು ಒಂದೇ ಕೀಲಿಯ ನೆರವಿನಿಂದ ಬರೆಯುವಂತೆ ಮಾಡಿತು. ಇದಕ್ಕೆ ತುಸು ಮೊದಲು, 1998ರಲ್ಲಿ, ಶೇಷಾದ್ರಿವಾಸು ಅವರು ಹೊರತಂದ ‘ಬರಹ’ ತಂತ್ರಾಂಶ ಹೊರನಾಡು ಮತ್ತು ಹೊರದೇಶಗಳ ಕನ್ನಡಿಗರಲ್ಲಿ ಮನೆಮಾತಾಗಿತ್ತು. ಬೆರಳು ಯಾವ ಕೀಲಿಯನ್ನು ಒತ್ತುತ್ತದೆ ಎಂಬುದು ಬೇರೆ, ಕಡತದಲ್ಲಿ ಯಾವ ಸಂಖ್ಯೆ ಉಳಿಯುತ್ತದೆ ಎಂಬುದು ಬೇರೆ; ಆದರೆ ‘ನುಡಿಯಲ್ಲಿ ಬರೆದದ್ದು’ ಎಂಬ ಮಾತು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತದೆ. ನುಡಿಯ ನಂತರದ ಆವೃತ್ತಿಗಳು ಅದೇ ಕೀಲಿಮಣೆಯಿಂದ ಯೂನಿಕೋಡ್ ಪಠ್ಯವನ್ನು ಕೊಡಬಲ್ಲವಾದರೂ, ಯೂನಿಕೋಡ್‌ಗೆ ಹೋಗುವುದೆಂದರೆ ಹೊಸ ಕೀಲಿಮಣೆ ಕಲಿಯುವುದೆಂಬ ತಪ್ಪುತಿಳಿವಳಿಕೆ ಕಚೇರಿಗಳಲ್ಲಿ ಬಹುಕಾಲ ಉಳಿಯಿತು.

ಯೂನಿಕೋಡ್

1991ರ ಅಕ್ಟೋಬರ್‌ನಲ್ಲಿ ಪ್ರಕಟವಾದ ಯೂನಿಕೋಡ್ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಅದರಲ್ಲಿ ಸ್ಥಾನವಿದೆ. 3200ರಿಂದ 3327ರವರೆಗಿನ 128 ಸ್ಥಾನಗಳು ಕನ್ನಡದ ವಿಭಾಗ. ಇಸ್ಕಿಯ ವರ್ಣಕ್ರಮವನ್ನೇ ಯೂನಿಕೋಡ್ ಅನುಸರಿಸಿತಾದರೂ ಪ್ರತಿಯೊಂದು ಲಿಪಿಗೂ ಪ್ರತ್ಯೇಕ ವಿಭಾಗವನ್ನು ಕೊಟ್ಟಿತು. ಹಾಗಾಗಿ ದೇವನಾಗರಿಯ ಕಕಾರ 2325 ಆದರೆ ಕನ್ನಡದ್ದು 3221; ಇತರ ವ್ಯಂಜನಗಳಿಗೂ ಇದೇ 896ರ ಅಂತರ. ಯಾದಗಿರಿಯಂಥ ಗಡಿ ಜಿಲ್ಲೆಯ ದಾಖಲೆಯೊಂದರಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಯಾವ ಪ್ರತ್ಯೇಕ ಸೂಚನೆಯಿಲ್ಲದೆ ಒಂದೇ ಸಾಲಿನಲ್ಲಿ ಸೇರಬಹುದಾದದ್ದು ಈ ಪ್ರತ್ಯೇಕತೆಯ ಫಲ.

ಯೂನಿಕೋಡ್‌ನಲ್ಲಿ ಒತ್ತಕ್ಷರಕ್ಕೆ ಸಂಖ್ಯೆಯಿಲ್ಲ. ವ್ಯಂಜನದಲ್ಲಿ ಸಹಜವಾಗಿ ಅಡಗಿರುವ ಅಕಾರವನ್ನು ತೆಗೆದುಹಾಕುವ ಚಿಹ್ನೆಗೆ, ಅಂದರೆ ‘ಕ್’ ಎಂಬಲ್ಲಿ ಕಾಣುವ ಹಲಂತಕ್ಕೆ, 3277 ಎಂಬ ಸಂಕೇತವಿದೆ. ಎರಡು ವ್ಯಂಜನಗಳ ನಡುವೆ ಅದು ಬಂದರೆ ಎರಡನೆಯದು ಒತ್ತಾಗುತ್ತದೆ. ‘ಗುಲ್ಬರ್ಗಾ’ ಎಂಬ ಮೂರಕ್ಷರದ ಹೆಸರು ಗ, ಉಕಾರ ಚಿಹ್ನೆ, ಲ, ಹಲಂತ, ಬ, ರ, ಹಲಂತ, ಗ, ಆಕಾರ ಚಿಹ್ನೆ ಎಂಬ ಒಂಬತ್ತು ಸಂಕೇತಗಳಾಗಿ, ನುಡಿಯುವ ಕ್ರಮದಲ್ಲಿಯೇ ದಾಖಲಾಗುತ್ತದೆ. ಲಕಾರದ ಮುಂದಿನ ಹಲಂತವೂ ರಕಾರದ ಮುಂದಿನ ಹಲಂತವೂ ಒಂದೇ ಸಂಕೇತವಾದರೂ ತೆರೆಯ ಮೇಲಿನ ಫಲ ಬೇರೆಬೇರೆ: ಮೊದಲನೆಯದರಲ್ಲಿ ಬಕಾರ ಕೆಳಗಿಳಿದು ಒತ್ತಾಗುತ್ತದೆ, ಎರಡನೆಯದರಲ್ಲಿ ರಕಾರವೇ ಅರ್ಕಾವೊತ್ತಾಗಿ ಅಕ್ಷರದ ಬಲಕ್ಕೆ ಸರಿಯುತ್ತದೆ. ಈ ಸ್ಥಾನಾಂತರವನ್ನು ಮಾಡುವುದು ಸಂಕೇತವಲ್ಲ, ಫಾಂಟ್ ಮತ್ತು ಅದನ್ನು ಓದುವ ಯಂತ್ರಭಾಗ. ಓಪನ್‌ಟೈಪ್ ಎಂಬ ಫಾಂಟ್ ವ್ಯವಸ್ಥೆಯಲ್ಲಿ ಸಂಕೇತಗಳ ಸಾಲನ್ನು ಮೊದಲು ಅಕ್ಷರಗಳಾಗಿ ವಿಂಗಡಿಸಿ, ಪ್ರತಿ ಅಕ್ಷರದ ಮುಖ್ಯ ವ್ಯಂಜನವನ್ನು ಗುರುತಿಸಿ, ಒತ್ತು ಮತ್ತು ಅರ್ಕಾವೊತ್ತುಗಳನ್ನು ತಕ್ಕ ರೂಪಗಳಿಂದ ಬದಲಿಸಿ, ಕೊನೆಯಲ್ಲಿ ಅವುಗಳನ್ನು ಸರಿಯಾದ ಜಾಗದಲ್ಲಿ ಕೂರಿಸಲಾಗುತ್ತದೆ. 2001ರ ವಿಂಡೋಸ್ ಎಕ್ಸ್‌ಪಿಯೊಡನೆ ಬಂದ ‘ತುಂಗಾ’ ಫಾಂಟ್‌ನಿಂದ ಈ ಸೌಲಭ್ಯ ಸಾಮಾನ್ಯ ಬಳಕೆದಾರರಿಗೆ ದೊರೆಯತೊಡಗಿತು; ಮುಂದೆ ಕೇದಗೆ, ಲೋಹಿತ್, ಗುಬ್ಬಿ, ನವಿಲು ಮೊದಲಾದ ಮುಕ್ತ ಫಾಂಟ್‌ಗಳು ಬಂದವು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಬೆಳೆದದ್ದು ಈ ನೆಲೆಯ ಮೇಲೆಯೇ.

ರಕಾರದ ವಿಷಯದಲ್ಲಿ ಒಂದು ತೊಡಕು ಉಳಿದಿತ್ತು. ‘ಕಾರ್ಯ’ ಎಂಬಲ್ಲಿ ಅರ್ಕಾವೊತ್ತು ಬೇಕು, ಆದರೆ ‘ರ‍್ಯಾಂಕ್’ ಎಂಬಲ್ಲಿ ರಕಾರಕ್ಕೆ ಯಒತ್ತು ಬೇಕು; ಸಂಕೇತಗಳ ಕ್ರಮ ಮಾತ್ರ ಎರಡರಲ್ಲೂ ಒಂದೇ. ಇದಕ್ಕಾಗಿ ರಕಾರ ಮತ್ತು ಹಲಂತಗಳ ನಡುವೆ ಕಣ್ಣಿಗೆ ಕಾಣದ 8205 ಎಂಬ ಜೋಡಕವನ್ನು ಇಡಲಾಗುತ್ತದೆ. ಒತ್ತು ಬೇಡವೇ ಬೇಡ ಎಂಬಲ್ಲಿ, ‘ರಾಜ್‌ಕುಮಾರ್’ ಎಂಬಂತೆ, ಹಲಂತದ ನಂತರ 8204 ಎಂಬ ಬೇರ್ಪಡಿಸುವ ಚಿಹ್ನೆಯನ್ನು ಇಡಬೇಕು. ಪುಟದ ಮೇಲೆ ಕಾಣದ ಈ ಎರಡು ಚಿಹ್ನೆಗಳು ಕಡತದಲ್ಲಿ ಉಳಿಯುವುದರಿಂದ, ಹುಡುಕುವ ತಂತ್ರಾಂಶ ಅವುಗಳನ್ನು ಕಡೆಗಣಿಸಲು ಕಲಿಯದಿದ್ದರೆ ಒಂದೇ ಹೆಸರು ಎರಡಾಗುತ್ತದೆ.

ಒಂದೇ ರೂಪ, ಎರಡು ಬರವಣಿಗೆ

ಕಣ್ಣಿಗೆ ಒಂದೇ ಆದದ್ದು ಯಂತ್ರಕ್ಕೆ ಎರಡಾಗುವ ಪ್ರಸಂಗಗಳೇ ಕನ್ನಡ ಸಂಕೇತೀಕರಣದ ಅತ್ಯಂತ ಸೂಕ್ಷ್ಮ ಭಾಗ, ಮತ್ತು ಸಾಮಾನ್ಯ ನಾಗರಿಕರನ್ನು ಅತಿ ಹೆಚ್ಚು ಬಾಧಿಸುವ ಭಾಗ. ವಡಗೇರಾದ ‘ಗೇ’ಕಾರವೇ ಇದಕ್ಕೆ ಸಾಕ್ಷಿ. ಕನ್ನಡದಲ್ಲಿ ಏಕಾರದ ಚಿಹ್ನೆಯೆಂದರೆ ಎಕಾರದ ಚಿಹ್ನೆ ಮತ್ತು ಅದರ ಮುಂದಿನ ದೀರ್ಘ. ಯೂನಿಕೋಡ್ ಎರಡೂ ಸೇರಿದ ರೂಪಕ್ಕೆ 3271 ಎಂಬ ಸಂಕೇತವನ್ನೂ, ಬಿಡಿ ರೂಪಗಳಿಗೆ 3270 ಮತ್ತು 3285 ಎಂಬ ಸಂಕೇತಗಳನ್ನೂ ಕೊಟ್ಟಿದೆ. ಆದ್ದರಿಂದ ವಡಗೇರಾ ಎಂಬ ಹೆಸರನ್ನು ಆರು ಸಂಕೇತಗಳಲ್ಲಿಯೂ ಬರೆಯಬಹುದು, ಏಳರಲ್ಲಿಯೂ ಬರೆಯಬಹುದು. ಎರಡೂ ಸಮಾನವೆಂದು ಶಿಷ್ಟತೆ ಸಾರುತ್ತದೆ ಮತ್ತು ಹೋಲಿಸುವ ಮೊದಲು ಎರಡನ್ನೂ ಒಂದೇ ರೂಪಕ್ಕೆ ತರಬೇಕೆಂದು ವಿಧಿಸುತ್ತದೆ. ಈ ಕ್ರಿಯೆಗೆ ಸಾಮಾನ್ಯೀಕರಣ ಎನ್ನುತ್ತಾರೆ. ಈ ಹೆಜ್ಜೆಯನ್ನು ಬಿಟ್ಟ ತಂತ್ರಾಂಶಕ್ಕೆ ಆರರ ವಡಗೇರಾವೂ ಏಳರ ವಡಗೇರಾವೂ ಬೇರೆಬೇರೆ ಊರುಗಳು. ಈ, ಐ, ಒ, ಓ ಸ್ವರಗಳ ಚಿಹ್ನೆಗಳಲ್ಲಿಯೂ ಇದೇ ಸಾಧ್ಯತೆಯಿದೆ.

ಸೊನ್ನೆಯ ವಿಷಯ ಇದಕ್ಕಿಂತ ತೊಡಕಿನದು. ಅನುಸ್ವಾರದ ಸಂಕೇತ 3202, ಕನ್ನಡ ಅಂಕಿ ಸೊನ್ನೆಯದು 3302. ಹಲವು ಫಾಂಟ್‌ಗಳಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ದುಂಡು ಆಕಾರವಾದ್ದರಿಂದ ಬೆರಳಚ್ಚು ಮಾಡುವವರು ಒಂದರ ಬದಲು ಇನ್ನೊಂದನ್ನು ಒತ್ತುವುದು ಸಾಮಾನ್ಯ, ಮತ್ತು ಇವೆರಡು ಸಮಾನವಲ್ಲವಾದ್ದರಿಂದ ಸಾಮಾನ್ಯೀಕರಣವೂ ಇಲ್ಲಿ ನೆರವಿಗೆ ಬಾರದು. ಸಂಖ್ಯೆಯ ನಡುವೆ ಅನುಸ್ವಾರ ಸೇರಿದರೆ ಯಂತ್ರ ಅದನ್ನು ಸಂಖ್ಯೆಯೆಂದೇ ಗುರುತಿಸುವುದಿಲ್ಲ. ತೆಲುಗಿನ ಅನುಸ್ವಾರವೂ ಇನ್ನೂ ಕೆಲವು ಅಕ್ಷರಗಳೂ ಕನ್ನಡದವನ್ನೇ ಹೋಲುವುದರಿಂದ, ಕನ್ನಡದಲ್ಲಿ ಜಾಲವಿಳಾಸಗಳನ್ನು ನೀಡುವ ನಿಯಮಗಳು ಎರಡು ಲಿಪಿಗಳನ್ನು ಬೆರೆಸಲು ಎಡೆಗೊಡುವುದಿಲ್ಲ.

ಭೂದಾಖಲೆಗಳಲ್ಲಿ ಈ ಸಂಗತಿಗಳಿಗೆ ವಿಶೇಷ ಮಹತ್ವವಿದೆ. ಕರ್ನಾಟಕದ ಭೂಮಿ ಯೋಜನೆಯು ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಈ ಶತಮಾನದ ಆರಂಭದಲ್ಲಿಯೇ ಗಣಕಕ್ಕೆ ತಂದಿತು. ಯಾದಗಿರಿ ಜಿಲ್ಲೆಯ, ಕೃಷ್ಣಾ ಮತ್ತು ಭೀಮಾ ನದಿಗಳ ನಡುವಿನ ಶಹಾಪುರ, ಸುರಪುರ ಸೀಮೆಯು 1948ರವರೆಗೆ, ಉರ್ದು ಆಡಳಿತ ಭಾಷೆಯಾಗಿದ್ದ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆದ್ದರಿಂದ ಅಲ್ಲಿನ ಊರಿನ ಮತ್ತು ಹಿಡುವಳಿದಾರರ ಹೆಸರುಗಳು ಉರ್ದು ಬರವಣಿಗೆಯಿಂದ ಕನ್ನಡಕ್ಕೆ, ಕನ್ನಡದಿಂದ ರೋಮನ್ ಲಿಪಿಗೆ ಹಾದುಬಂದಿವೆ. ರೋಮನ್ ಲಿಪಿಯಲ್ಲಿ ವಕಾರಕ್ಕೆ ಎರಡು ಅಕ್ಷರಗಳಲ್ಲಿ ಯಾವುದನ್ನಾದರೂ ಬಳಸುವುದುಂಟು, ಡಕಾರ ಮತ್ತು ದಕಾರಗಳ ಭೇದವಂತೂ ಉಳಿಯುವುದಿಲ್ಲ. ಪಹಣಿಯ ಕನ್ನಡ ಹೆಸರನ್ನು ಗುರುತಿನ ಚೀಟಿಯ ಅಥವಾ ಬ್ಯಾಂಕ್ ಖಾತೆಯ ಹೆಸರಿನೊಡನೆ ತಾಳೆ ನೋಡುವ ವ್ಯವಸ್ಥೆಗಳು ಇಂಥ ಭೇದಗಳಿಗೆ ಅವಕಾಶ ಕೊಡಬೇಕಾದದ್ದು ಸೌಜನ್ಯವಲ್ಲ, ನ್ಯಾಯದ ಅಗತ್ಯ. ಅಕ್ಷರದ ಸಂಕೇತ ಹೊಂದಲಿಲ್ಲವೆಂಬ ಕಾರಣಕ್ಕೆ ರೈತರೊಬ್ಬರ ಹಕ್ಕು ತಡವಾಗಬಾರದು.

ಅಕಾರಾದಿ ಜೋಡಣೆಯಲ್ಲಿಯೂ ಸಂಕೇತಸಂಖ್ಯೆಯನ್ನು ನೆಚ್ಚುವಂತಿಲ್ಲ. ಕನ್ನಡ ವರ್ಣಮಾಲೆಯಲ್ಲಿ ಳಕಾರ ಹಕಾರದ ನಂತರ ಬರುತ್ತದೆ, ಆದರೆ ಯೂನಿಕೋಡ್‌ನಲ್ಲಿ ಳಕಾರ 3251, ವಕಾರ 3253, ಹಕಾರ 3257. ನಿಘಂಟಿನ ಕ್ರಮಕ್ಕೆ ಪ್ರತ್ಯೇಕ ಜೋಡಣಾ ನಿಯಮಗಳನ್ನು ಅನುಸರಿಸಬೇಕಾಗುತ್ತದೆ.

ಹಳಗನ್ನಡದ ಅಕ್ಷರಗಳು

ಸುರಪುರ ಸೀಮೆಯ ಏವೂರು ಕಲ್ಯಾಣ ಚಾಲುಕ್ಯರ ಶಾಸನಗಳಿಗೆ ಹೆಸರಾದ ಊರು. ಆ ಕಾಲದ ಶಾಸನಗಳ ಪಠ್ಯವನ್ನು ಗಣಕದಲ್ಲಿ ಬರೆಯಲು ಹೊಸಗನ್ನಡ ಕೈಬಿಟ್ಟ ಱ ಮತ್ತು ೞ ಅಕ್ಷರಗಳು ಬೇಕು. ಎರಡಕ್ಕೂ ಯೂನಿಕೋಡ್‌ನಲ್ಲಿ ಸ್ಥಾನವಿದೆ: ಱ 3249ರಲ್ಲಿ, ೞ 3294ರಲ್ಲಿ. ಎರಡನೆಯದಕ್ಕೆ ಆರಂಭದಲ್ಲಿ ತಪ್ಪಾಗಿ ‘ಫ’ ಧ್ವನಿಯ ಅಕ್ಷರವೆಂಬ ಇಂಗ್ಲಿಷ್ ಹೆಸರು ದಾಖಲಾಯಿತು. ಒಮ್ಮೆ ಕೊಟ್ಟ ಹೆಸರನ್ನಾಗಲಿ ಸಂಖ್ಯೆಯನ್ನಾಗಲಿ ಎಂದಿಗೂ ಬದಲಿಸುವುದಿಲ್ಲವೆಂಬುದು ಯೂನಿಕೋಡ್‌ನ ಕಟ್ಟುನಿಟ್ಟಿನ ನಿಯಮ. ಬದಲಿಸಿದರೆ ಹಳೆಯ ಕಡತಗಳ ಅರ್ಥವೇ ಕೆಡುತ್ತದೆ. ಆದ್ದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಅಧಿಕೃತ ಪರ್ಯಾಯವಾಗಿ ಸೇರಿಸಲಾಗಿದೆ. ಖಾಲಿ ಉಳಿದ ಸ್ಥಾನಗಳು ಈಗಲೂ ತುಂಬುತ್ತಿವೆ. 2018ರಲ್ಲಿ ಶಾಸನಗಳ ಆರಂಭದಲ್ಲಿ ಬರುವ ಸಿದ್ಧಂ ಚಿಹ್ನೆಯೂ, 2021ರ ಹದಿನಾಲ್ಕನೆಯ ಆವೃತ್ತಿಯಲ್ಲಿ ಸ್ವರವಿಲ್ಲದ ನಕಾರಕ್ಕೆ ಹಿಂದೆ ಬಳಕೆಯಲ್ಲಿದ್ದ ನಕಾರಪೊಲ್ಲು ಎಂಬ ರೂಪವೂ ಸೇರಿದವು. ನಕಾರಪೊಲ್ಲಿಗೆ ದೊರೆತ ಸ್ಥಾನ 3293. ಅದೇ ಆವೃತ್ತಿಯಲ್ಲಿ ತೆಲುಗಿನ ನಕಾರಪೊಲ್ಲಿಗೂ ಆ ಲಿಪಿಯ ವಿಭಾಗದಲ್ಲಿ ಇದಕ್ಕೆ ನೇರ ಸಾಟಿಯಾದ 3165ನೆಯ ಸ್ಥಾನ ದೊರೆಯಿತು.